‘ಲ್ಯಾಗ್ ಆಗ್ತಿದೆ’ ಅನ್ನೋದಕ್ಕೆ ಎಷ್ಟು ಕನ್ನಡ? ಹಳೇ ಗ್ರಾಫಿಕ್ಸ್ ಕಾರ್ಡಿನ ಪದಗಳು

ಪ್ರಶ್ನೆ:

ಬಳಗದವರಿಗೆ ನಮಸ್ಕಾರ. ಹಳೆಯ ಗ್ರಾಫಿಕ್ಸ್ ಕಾರ್ಡಿನಲ್ಲಿ ಗೇಮ್‌ಗಳನ್ನು ಚೆನ್ನಾಗಿ ಓಡಿಸಿಕೊಳ್ಳುವ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಮಾದರಿಗೆ ಇಟ್ಟುಕೊಂಡಿರುವುದು 2016ರ ಎನ್‌ವಿಡಿಯಾ ಜಿಟಿಎಕ್ಸ್ 1060, 6 ಜಿಬಿ ಮೆಮೊರಿಯದು. ವಿಷಯ ಗೊತ್ತು, ಪದ ಸಿಗುತ್ತಿಲ್ಲ. ತೊಂದರೆ ಯಾವುದಾದರೂ ಜನ ಹೇಳುವುದು ‘ಲ್ಯಾಗ್ ಆಗ್ತಿದೆ’, ಇಲ್ಲವೇ ‘ಹ್ಯಾಂಗ್ ಆಗ್ತಿದೆ’. ಇದರೊಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ಕಾಯಿಲೆಗಳಿವೆ, ಮದ್ದೂ ಬೇರೆ ಬೇರೆ. ಸದ್ಯಕ್ಕೆ ಸ್ಟಟರ್‌ಗೆ ‘ತೊದಲು’, ಥ್ರಾಟ್ಲಿಂಗ್‌ಗೆ ‘ಉಸಿರುಗಟ್ಟುವಿಕೆ’, ಬಾಟಲ್‌ನೆಕ್‌ಗೆ ‘ಸೀಸೆಗೊರಳು’, ಟೇರಿಂಗ್‌ಗೆ ‘ಹರಿಯುವಿಕೆ’ ಎಂದು ಬರೆದಿದ್ದೇನೆ. ಓದಿದರೆ ನನಗೇ ನಗು ಬರುತ್ತದೆ. ದಯವಿಟ್ಟು ತಿದ್ದಿ.

ಉತ್ತರ:

ನಗು ಬರಬೇಕಾದ್ದೇ. ಒಂದೊಂದಾಗಿ ನೋಡೋಣ.

‘ತೊದಲು’ ನಾಲಿಗೆಗೆ ಸೇರಿದ್ದು. ಓಡುತ್ತಿದ್ದ ಚಿತ್ರ ಥಟ್ಟನೆ ನಿಂತು ಮತ್ತೆ ಓಡಿದರೆ ಅದು ಮುಗ್ಗರಿಸುವುದು. ಪದಕ್ಕಿಂತ ಮೊದಲು ಇದರ ಲೆಕ್ಕವನ್ನು ಓದುಗರಿಗೆ ತಿಳಿಸಿ. 60 ಎಫ್‌ಪಿಎಸ್, ಅಂದರೆ ಸೆಕೆಂಡಿಗೆ 60 ಫ್ರೇಮ್ (ಬಿಡಿ ಚಿತ್ರ) ಬಂದರೆ, ಒಂದೊಂದು ಫ್ರೇಮಿಗೆ ಸುಮಾರು 16.7 ಮಿಲಿಸೆಕೆಂಡ್. ಒಂದು ಸೆಕೆಂಡಿನಲ್ಲಿ 59 ಫ್ರೇಮ್‌ಗಳು ತಲಾ 15 ಚಿಲ್ಲರೆ ಮಿಲಿಸೆಕೆಂಡಿಗೆ ಬಂದು, ಉಳಿದ ಒಂದೇ ಒಂದು 100 ಮಿಲಿಸೆಕೆಂಡ್ ತೆಗೆದುಕೊಂಡಿತು ಅನ್ನಿ. ಮೂಲೆಯ ಅಂಕಿ ಆಗಲೂ 60 ಎಂದೇ ತೋರಿಸುತ್ತದೆ. ಕಣ್ಣಿಗೆ ಮಾತ್ರ ಧಕ್ಕೆ ಗೊತ್ತಾಗುತ್ತದೆ. ಹಾಗಾಗಿ ‘ಎಫ್‌ಪಿಎಸ್ ಕಮ್ಮಿ’ ಮತ್ತು ‘ಮುಗ್ಗರಿಸುತ್ತಿದೆ’ ಒಂದೇ ಅಲ್ಲ. ಕಾರ್ಡಿನ ವೇಗ, ಬಿಸಿ ನೋಡಿ ಹೊಂದಿಸುವ ಎಂಎಸ್‌ಐ ಆಫ್ಟರ್‌ಬರ್ನರ್ ತಂತ್ರಾಂಶದ ಜೊತೆ ಬರುವ ರಿವಾಟ್ಯೂನರ್‌ನಲ್ಲಿ ಎಫ್‌ಪಿಎಸ್ ಬದಲು ಫ್ರೇಮ್‌ಟೈಮ್ (ಒಂದೊಂದು ಫ್ರೇಮಿಗೆ ಹಿಡಿದ ಸಮಯ) ಗೆರೆಯನ್ನು ತೆರೆಗೆ ಹಾಕಿಕೊಳ್ಳಲು ಹೇಳಿ. ಗೆರೆ ಸಮವಾಗಿದ್ದು ಮೇಲಿದ್ದರೆ ಕಾರ್ಡಿಗೆ ಭಾರ ಹೆಚ್ಚಾಗಿದೆ. ಗೆರೆ ಕೆಳಗಿದ್ದು ನಡುನಡುವೆ ಮುಳ್ಳಿನಂತೆ ಎದ್ದರೆ ಮುಗ್ಗರಿಸುತ್ತಿದೆ.

ಮುಳ್ಳು ಏಳಲು ಒಂದು ಮುಖ್ಯ ಕಾರಣ ವಿ-ರ್ಯಾಮ್, ಅಂದರೆ ಕಾರ್ಡಿನದೇ ಮೆಮೊರಿ, ತುಂಬಿ ಹೋಗುವುದು. ಈ ಕಾರ್ಡ್ ತನ್ನ ಸ್ವಂತ ಮೆಮೊರಿಯಿಂದ ಸೆಕೆಂಡಿಗೆ 192 ಜಿಬಿ ಓದಬಲ್ಲದು. 6 ಜಿಬಿ ಮೀರಿದ ಸಾಮಾನು ಕಂಪ್ಯೂಟರಿನ ರ್ಯಾಮಿಗೆ ಹೋಗಿ ಕೂರುತ್ತದೆ, ಅಲ್ಲಿಂದ ಕಾರ್ಡನ್ನು ಕಂಪ್ಯೂಟರಿಗೆ ಜೋಡಿಸುವ ಪಿಸಿಐಇ 3.0 ದಾರಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 16 ಜಿಬಿಯಷ್ಟೇ ವಾಪಸ್ ಬರುತ್ತದೆ. ಆಗ ಇಳಿಸಬೇಕಾದ್ದು ಟೆಕ್ಸ್‌ಚರ್ (ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರ) ಒಂದನ್ನು. ನೆರಳು, ಮಂಜು, ಪ್ರತಿಫಲನ ಎಲ್ಲವನ್ನೂ ‘ಲೋ’ಗೆ ತಳ್ಳಿ ಟೆಕ್ಸ್‌ಚರನ್ನು ‘ಅಲ್ಟ್ರಾ’ದಲ್ಲೇ ಬಿಡುವವರು ಬಹಳ. ಅವರ ಗೇಮ್ ಮುಗ್ಗರಿಸುವುದು ನಿಲ್ಲುವುದಿಲ್ಲ, ನೋಡಲೂ ಚೆನ್ನಾಗಿರುವುದಿಲ್ಲ. ಎಫ್‌ಪಿಎಸ್ ಸರಾಸರಿಯೇ ಕಮ್ಮಿ ಇದ್ದಾಗ ತದ್ವಿರುದ್ಧ: ಟೆಕ್ಸ್‌ಚರ್ ಮುಟ್ಟಬೇಡಿ, ಮೊದಲು ನೆರಳು, ವಾಲ್ಯೂಮೆಟ್ರಿಕ್ ಮಂಜು, ಆಂಬಿಯೆಂಟ್ ಅಕ್ಲೂಷನ್ (ಮೂಲೆ, ಸಂದುಗಳ ನಸುನೆರಳು) ಇಳಿಸಿ. ಇನ್ನು 16 ಜಿಬಿಯ ಒಂದೇ ರ್ಯಾಮ್ ಹಾಕಿರುವವರಿಗೆ 8 ಜಿಬಿಯ ಎರಡು ಹಾಕಿಸಿಕೊಳ್ಳಲು ಹೇಳಿ, ಎರಡಿದ್ದರೆ ಪ್ರೊಸೆಸರಿಗೆ ರ್ಯಾಮಿನ ದಾರಿ ಎರಡಾಗುತ್ತದೆ.

‘ಥ್ರಾಟ್ಲಿಂಗ್’ ಹಾಗೇ ಬಿಡಬೇಡಿ. ನಮ್ಮಲ್ಲಿ ಬೈಕ್ ಓಡಿಸುವವರಿಗೆ ‘ಥ್ರಾಟಲ್ ಕೊಡು’ ಎಂದರೆ ವೇಗ ಹೆಚ್ಚಿಸು ಎಂದು. ಕಾರ್ಡ್ ಮಾಡುವುದು ಅದಕ್ಕೆ ವಿರುದ್ಧ. ‘ಬಿಸಿಯಾಗಿ ವೇಗ ಇಳಿಸಿಕೊಳ್ಳುತ್ತದೆ’ ಎಂದು ಬಿಡಿಸಿಯೇ ಬರೆಯಿರಿ. ನಾಮಪದ ಬೇಕೇ ಬೇಕೆಂದರೆ ‘ತಾಪದ ವೇಗಮಿತಿ’. 1060ರ ತಾಪದ ಗುರಿ 83 ಡಿಗ್ರಿ ಸೆಲ್ಸಿಯಸ್. ಆದರೆ ಅಲ್ಲಿಗೆ ಮುಟ್ಟುವ ಮುಂಚೆಯೇ, ಬಿಸಿ ಏರಿದಂತೆಲ್ಲ, ಸುಮಾರು 13 ಮೆಗಾಹರ್ಟ್ಸ್‌ನ ಮೆಟ್ಟಿಲುಗಳಲ್ಲಿ ಕೆಳಗಿಳಿಯುತ್ತಾ ಬರುತ್ತದೆ. ಮೊದಲ ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ಮಂಕಾಗುವ ಗೇಮ್ ಎಂದರೆ ಅನುಮಾನ ಮೊದಲು ಇದರ ಮೇಲಿರಲಿ.

ಇದಕ್ಕೆ ಮದ್ದು ಧೂಳು ತೆಗೆಯುವುದು, ಚಿಪ್ಪಿನ ಬಿಸಿಯನ್ನು ಹೀಟ್‌ಸಿಂಕಿಗೆ (ಬಿಸಿ ಹೊರಹಾಕುವ ಲೋಹದ ಭಾಗಕ್ಕೆ) ಸಾಗಿಸುವ ಪೇಸ್ಟ್ ಬದಲಿಸುವುದು. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿಂದ ಹಿಡಿದುಕೊಳ್ಳಬೇಕು, ಸುಮ್ಮನೆ ಗಿರ್ರನೆ ತಿರುಗಲು ಬಿಟ್ಟರೆ ಬೇರಿಂಗ್ ಹಾಳು. ಹೀಟ್‌ಸಿಂಕ್ ಬಿಚ್ಚುವಾಗ ಫ್ಯಾನಿನ ವೈರ್ ಸಿಕ್ಕಿಕೊಂಡಿರುತ್ತದೆ, ಜಗ್ಗಬಾರದು. ಪ್ರೊಸೆಸರಿನ ಮೇಲಿರುವಂಥ ಲೋಹದ ಮುಚ್ಚಳ ಇಲ್ಲಿ ಇಲ್ಲ. ಚಿಪ್ ಬೆತ್ತಲಾಗಿರುತ್ತದೆ, ಆದ್ದರಿಂದ ಪೇಸ್ಟ್ ನಾಲ್ಕು ಮೂಲೆಗೂ ತೆಳ್ಳಗೆ ಹರಡಿರಬೇಕು. ಸುತ್ತಲಿನ ನಾಲ್ಕು ಸ್ಕ್ರೂಗಳನ್ನು ಎದುರು ಮೂಲೆಗಳಂತೆ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಮೆಮೊರಿಯ ಮೇಲಿನ ಪ್ಯಾಡ್ ಹರಿದಿದ್ದರೆ ಅದೇ ದಪ್ಪದ್ದೇ ತರಬೇಕು. 1 ಮಿಲಿಮೀಟರ್ ಇದ್ದ ಕಡೆ 1.5 ಹಾಕಿದರೆ ಹೀಟ್‌ಸಿಂಕ್ ಚಿಪ್ಪಿಗೆ ಸರಿಯಾಗಿ ತಾಗದೆ, ಬಿಚ್ಚುವ ಮೊದಲಿಗಿಂತ ಹೆಚ್ಚು ಕಾಯುತ್ತದೆ.

‘ಸೀಸೆಗೊರಳು’ ಬೇಡ, ‘ಇಕ್ಕಟ್ಟು’ ಸಾಕು: ನಿಧಾನವಾದ ಒಂದು ಭಾಗ ಉಳಿದದ್ದನ್ನೆಲ್ಲ ತಡೆದು ನಿಲ್ಲಿಸುವುದು. ‘ಇಕ್ಕಟ್ಟು ಕಾರ್ಡಿನದೋ ಪ್ರೊಸೆಸರಿನದೋ?’ ಎಂದರೆ ಯಾರಿಗೂ ಅರ್ಥವಾಗುತ್ತದೆ. ಕಂಡುಹಿಡಿಯಲು ವಿ-ಸಿಂಕ್ (ಫ್ರೇಮ್‌ಗಳನ್ನು ತೆರೆಯ ಲಯಕ್ಕೆ ಕಟ್ಟುವ ಆಯ್ಕೆ), ಎಫ್‌ಪಿಎಸ್ ಮಿತಿ ಎರಡನ್ನೂ ತೆಗೆದು, ರೆಸಲ್ಯೂಷನ್ 1080ರಿಂದ 720ಕ್ಕೆ ಇಳಿಸಿ ನೋಡಲಿ. ಎಫ್‌ಪಿಎಸ್ ಜಿಗಿದರೆ ಕಾರ್ಡಿನದು. ಅಲ್ಲಾಡದಿದ್ದರೆ ಪ್ರೊಸೆಸರಿನದು, ಆಗ ಕಾರ್ಡಿಗೆ ಏನು ಉಪಚಾರ ಮಾಡಿದರೂ ದಂಡ. ಮಿತಿ ತೆಗೆಯದೆ ಪರೀಕ್ಷೆ ಮಾಡಿ, ‘ಕಾರ್ಡ್ 60 ಪರ್ಸೆಂಟ್ ಮಾತ್ರ ಕೆಲಸ ಮಾಡ್ತಿದೆ’ ಎಂದು ಗಾಬರಿಯಾಗುವವರು ಬಹಳ ಜನ. ಒಂದು ಸಾಲಿನ ಎಚ್ಚರಿಕೆ ಸೇರಿಸಿ.

ಮತ್ತೊಂದು ಉತ್ತರ:

ಮೇಲಿನವರ ಮಾತು ಬಹುಪಾಲು ಒಪ್ಪಿಗೆ. ‘ಮುಗ್ಗರಿಸು’ ಬಗ್ಗೆ ಮಾತ್ರ ತಕರಾರು. ಕ್ರೀಡಾಪುಟದಲ್ಲಿ ‘ಮುಗ್ಗರಿಸಿದ ಭಾರತ’ ಎಂದರೆ ಸೋತಿತು ಎಂದು. ಗೇಮ್ ಬಗ್ಗೆ ಬರೆಯುವಾಗ ‘ಆಟ ಮುಗ್ಗರಿಸಿತು’ ಎಂದರೆ ಆಡುವವನು ಸೋತನೆಂದು ಓದಿಕೊಳ್ಳುತ್ತಾರೆ. ಜನರ ಬಾಯಲ್ಲಿ ಆಗಲೇ ಒಂದಿದೆ: ‘ಜರ್ಕ್ ಹೊಡೀತಿದೆ’. ಗಾಡಿಗೂ ಅದೇ, ವಿಡಿಯೊಗೂ ಅದೇ. ಅದನ್ನೇ ಇಟ್ಟುಕೊಳ್ಳಿ.

‘ಹರಿಯುವಿಕೆ’ಯಂತೂ ಖಂಡಿತ ಬೇಡ. ನೀರೂ ಹರಿಯುತ್ತದೆ, ಬಟ್ಟೆಯೂ ಹರಿಯುತ್ತದೆ. ‘ಚಿತ್ರ ಹರಿಯುತ್ತಿದೆ’ ಎಂದರೆ ಸಲೀಸಾಗಿ ಹೋಗುತ್ತಿದೆ ಎಂದು ಓದುಗ ಖುಷಿಪಟ್ಟಾನು. ತೆರೆಯ ಮೇಲರ್ಧ ಒಂದು ಫ್ರೇಮಿನದು, ಕೆಳಗಿನರ್ಧ ಮುಂದಿನದು, ನಡುವೆ ಅಡ್ಡ ಗೆರೆ. ಇದು ‘ಸೀಳು’. ‘ಚಿತ್ರ ಸೀಳುತ್ತದೆ’ಗಿಂತ ‘ಚಿತ್ರದಲ್ಲಿ ಸೀಳು ಕಾಣುತ್ತದೆ’ ಚೆಂದ.

ಸೀಳಿಗೆ ವಿ-ಸಿಂಕ್ ಮದ್ದು, ಆದರೆ ಅದರಿಂದ ನಿಜವಾದ ಲ್ಯಾಗ್ ಹೆಚ್ಚುತ್ತದೆ. ‘ಲ್ಯಾಗ್’ ಎಂಬ ಪದವನ್ನು ಇದಕ್ಕೊಂದಕ್ಕೇ ಮೀಸಲಿಡಿ: ಬಟನ್ ಒತ್ತಿದ್ದಕ್ಕೂ ತೆರೆಯ ಮೇಲೆ ಕಂಡದ್ದಕ್ಕೂ ನಡುವಿನ ತಡ. ಆನ್‌ಲೈನ್ ಗೇಮಿನಲ್ಲಿ ನೆಟ್‌ವರ್ಕಿನಿಂದ ಆಗುವ ತಡ ಬೇರೆ, ಅದಕ್ಕೆ ಕಾರ್ಡನ್ನು ಬೈದು ಪ್ರಯೋಜನವಿಲ್ಲ. ‘ಹ್ಯಾಂಗ್’ ಎಂದರೆ ಮೌಸೂ ಅಲ್ಲಾಡದಂತೆ ಪೂರ್ತಿ ನಿಂತುಹೋಗುವುದು ಮಾತ್ರ.

ಪ್ರಶ್ನೆ ಕೇಳಿದವರಿಂದ:

ಇಬ್ಬರಿಗೂ ಧನ್ಯವಾದ. ‘ಜರ್ಕ್’, ‘ಸೀಳು’, ‘ಇಕ್ಕಟ್ಟು’ ತೆಗೆದುಕೊಂಡೆ. ಇನ್ನೆರಡು ಉಳಿದಿವೆ. ಅಂಡರ್‌ವೋಲ್ಟ್ ಮಾಡುವುದಕ್ಕೆ ‘ವೋಲ್ಟೇಜ್ ಕಮ್ಮಿ ಮಾಡುವುದು’ ಎಂದರೆ ಆದೀತೆ? ಅಪ್‌ಸ್ಕೇಲಿಂಗ್‌ಗೆ ಏನು? ‘ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಹೊಸದಾಗಿಸಿ’ ಎಂಬ ಅಧ್ಯಾಯ ಉಳಿಸಲೋ ಬೇಡವೋ?

ಉತ್ತರ:

‘ವೋಲ್ಟೇಜ್ ಕಮ್ಮಿ’ ಎಂದ ಕೂಡಲೆ ನಮ್ಮವರಿಗೆ ನೆನಪಾಗುವುದು ಮಿಕ್ಸಿ ತಿರುಗದ ಸಂಜೆ. ಅದು ದೋಷದ ಮಾತು. ಇಲ್ಲಿ ಬೇಕೆಂದೇ ಮಾಡುವ ಕೆಲಸ, ಆದ್ದರಿಂದ ‘ವೋಲ್ಟೇಜ್ ಇಳಿಸುವುದು’ ಎನ್ನಿ. ಜೊತೆಗೆ ಬಿಸಿ ಕಮ್ಮಿಯಾಗುತ್ತದೆ, ವೇಗ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ ಎಂದೂ ಹೇಳಿ, ಇಲ್ಲದಿದ್ದರೆ ಅರ್ಧ ಜನ ಹೆದರಿ ಪುಟ ತಿರುಗಿಸುತ್ತಾರೆ.

ಹಂತಗಳಲ್ಲಿ ಒಂದನ್ನೂ ಬಿಡಬೇಡಿ. ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್ ಮತ್ತು ಎಫ್ ಒಟ್ಟಿಗೆ ಒತ್ತಿದರೆ ವೋಲ್ಟೇಜ್–ವೇಗದ ರೇಖೆ ತೆರೆಯುತ್ತದೆ. ಮೊದಲು ಕೋರ್ ಕ್ಲಾಕನ್ನು (ಚಿಪ್ಪಿನ ವೇಗವನ್ನು) 200 ಮೆಗಾಹರ್ಟ್ಸ್‌ನಷ್ಟು ಕೆಳಗಿಳಿಸಿ ಇಡೀ ರೇಖೆಯನ್ನು ತಗ್ಗಿಸಬೇಕು. ಆಮೇಲೆ 900 ಮಿಲಿವೋಲ್ಟಿನ ಚುಕ್ಕೆಯೊಂದನ್ನೇ ಹಿಡಿದು 1800 ಮೆಗಾಹರ್ಟ್ಸ್‌ಗೆ ಎತ್ತಿ ಅಪ್ಲೈ ಒತ್ತಬೇಕು. ಬಲಗಡೆಯ ಚುಕ್ಕೆಗಳೆಲ್ಲ ಅದೇ ಮಟ್ಟಕ್ಕೆ ಚಪ್ಪಟೆಯಾಗುತ್ತವೆ. ಮೊದಲೇ ತಗ್ಗಿಸದಿದ್ದರೆ ಬಲಗಡೆಯ ರೇಖೆ ಮೇಲೇ ಉಳಿದು, ಕಾರ್ಡ್ ಹಳೆಯ ವೋಲ್ಟೇಜಿಗೇ ಹೋಗುತ್ತದೆ. ಗೇಮ್ ತಾನಾಗಿ ಮುಚ್ಚಿಕೊಂಡರೆ 25 ಮಿಲಿವೋಲ್ಟ್ ಹೆಚ್ಚಿಸಿ ಮತ್ತೆ ನೋಡಬೇಕು. ಒಂದೆರಡು ಭಾರದ ಗೇಮ್‌ಗಳಲ್ಲಿ ಗಂಟೆಗಟ್ಟಲೆ ನಿಲ್ಲುವವರೆಗೂ ವಿಂಡೋಸ್ ಜೊತೆ ತಾನಾಗಿ ಅನ್ವಯವಾಗುವ ಆಯ್ಕೆಯನ್ನು ಒತ್ತಬಾರದು. ಪ್ರತಿ ಕಾರ್ಡೂ ಬೇರೆ, ಈ ಅಂಕಿಗಳು ಶುರುಮಾಡಲು ಅಷ್ಟೆ.

ಚಿತ್ರವನ್ನು ಚಿಕ್ಕದಾಗಿ ಬಿಡಿಸಿ ದೊಡ್ಡದಾಗಿ ತೋರಿಸುವ ಅಪ್‌ಸ್ಕೇಲಿಂಗ್‌ಗೆ ‘ಹಿಗ್ಗಿಸುವುದು’. ಜೊತೆಗೆ ‘ಬಿಡಿಸುವ ಅಳತೆ’, ‘ತೋರಿಸುವ ಅಳತೆ’ ಎಂದು ಎರಡು ಮಾತು ಮಾಡಿಕೊಂಡರೆ ವಿವರಣೆ ಹಗುರವಾಗುತ್ತದೆ. ಎನ್‌ವಿಡಿಯಾದ್ದೇ ಹಿಗ್ಗಿಸುವ ತಂತ್ರ ಡಿಎಲ್‌ಎಸ್‌ಎಸ್ ಈ ಕಾರ್ಡಿಗೆ ಇಲ್ಲ, ಅದಕ್ಕೆ ಆರ್‌ಟಿಎಕ್ಸ್ ಸಾಲಿನ ಕಾರ್ಡ್ ಬೇಕು. ಆದರೆ ಎಎಂಡಿಯ ಇಂಥದೇ ತಂತ್ರ ಎಫ್‌ಎಸ್‌ಆರ್, ಮೂರನೇ ಆವೃತ್ತಿಯವರೆಗಿನದು, ಎನ್‌ವಿಡಿಯಾದ ಹಳೆಯ ಕಾರ್ಡುಗಳಲ್ಲೂ ಓಡುತ್ತದೆ. 1080ರ ತೆರೆಗೆ ‘ಕ್ವಾಲಿಟಿ’ ಆಯ್ದರೆ ಬಿಡಿಸುವ ಅಳತೆ 1280×720, ಅಂದರೆ ಶೇ 44ರಷ್ಟು ಪಿಕ್ಸೆಲ್ ಮಾತ್ರ. ‘ಪರ್ಫಾರ್ಮೆನ್ಸ್’ ಆಯ್ದರೆ 960×540. ಅಷ್ಟು ಚಿಕ್ಕದನ್ನು ಹಿಗ್ಗಿಸಿದರೆ ಹುಲ್ಲು, ತಂತಿಬೇಲಿ, ದೂರದ ಅಕ್ಷರ ಎಲ್ಲ ಕಲಸಿಹೋಗುತ್ತದೆ. ಅದಕ್ಕಿಂತ ನೆರಳನ್ನು ಒಂದು ಮೆಟ್ಟಿಲು ಇಳಿಸಿ ಕ್ವಾಲಿಟಿಯಲ್ಲೇ ಇರುವುದು ಮೇಲು. ಇಕ್ಕಟ್ಟು ಪ್ರೊಸೆಸರಿನದಾದರೆ ಹಿಗ್ಗಿಸಿ ಉಪಯೋಗವಿಲ್ಲ ಎಂದು ಅಲ್ಲೇ ಬರೆದುಬಿಡಿ.

ಡ್ರೈವರ್ ಅಧ್ಯಾಯ ಎರಡು ಸಾಲಿಗೆ ಇಳಿಸಿ. 1060 ಸೇರಿದ ಪ್ಯಾಸ್ಕಲ್ ಪೀಳಿಗೆಯ ಕಾರ್ಡುಗಳಿಗೆ ಹೊಸ ಗೇಮ್‌ಗಳಿಗಾಗಿ ತಿದ್ದಿದ ಡ್ರೈವರ್‌ಗಳು 2025ರ ಅಕ್ಟೋಬರಿಗೆ ನಿಂತವು, 2028ರ ಅಕ್ಟೋಬರಿನವರೆಗೆ ಭದ್ರತೆಯ ತಿದ್ದುಪಡಿಗಳಷ್ಟೆ. ಬೇರೆ ಕಾರ್ಡ್ ತೆಗೆದು ಇದನ್ನು ಹಾಕಿದವರು ಹಳೆಯ ಡ್ರೈವರನ್ನು ಸೇಫ್ ಮೋಡಿನಲ್ಲಿ ಡಿಡಿಯು ಎಂಬ ತಂತ್ರಾಂಶ ಬಳಸಿ ಅಳಿಸಲಿ. ಅಳಿಸಿದ ಮೇಲೆ ಮೊದಲ ಸಲ ಆಡುವಾಗ ಜರ್ಕ್ ಹೊಡೆದೇ ಹೊಡೆಯುತ್ತದೆ, ಶೇಡರ್‌ಗಳು (ಬೆಳಕು, ಬಣ್ಣದ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಮ್‌ಗಳು) ಮತ್ತೆ ಸಿದ್ಧವಾಗಬೇಕಲ್ಲ. ಅದೇ ಜಾಗಕ್ಕೆ ಎರಡನೇ ಸಲ ಹೋದಾಗಲೂ ಹೊಡೆದರೆ ಆಗ ವಿ-ರ್ಯಾಮ್ ನೋಡಲಿ.