‘ಗಿಫ್ಟೆಡ್’ ಮಗುವನ್ನು ಕನ್ನಡದಲ್ಲಿ ಏನಂತ ಕರೆಯೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಸರ್ಕಾರಿ ಶಾಲೆಯ ಮಕ್ಕಳ ತಂದೆ ತಾಯಿಗೆ ಅಂತ 16 ಪುಟದ ಕೈಪಿಡಿ ಬರೆಯುತ್ತಿದ್ದೇನೆ. ಓದಿನಲ್ಲಿ ತರಗತಿಗಿಂತ ಬಹಳ ಮುಂದಿರುವ ಮಕ್ಕಳಿಗೆ ಮನೆಯಲ್ಲಿ ಹೇಗೆ ಆಸರೆ ಕೊಡಬೇಕು, ಹೊರಗೆ ಏನೇನು ಸಿಗುತ್ತದೆ ಅನ್ನೋದು ವಿಷಯ.

ಶಿಕ್ಷಕರ ತರಬೇತಿ ಪುಸ್ತಕಗಳಲ್ಲಿ ಇಂಥವರನ್ನು ‘ಪ್ರತಿಭಾನ್ವಿತ ಮಕ್ಕಳು’ ಅನ್ನುತ್ತಾರೆ. ನಾನೂ ಅದನ್ನೇ ಹಾಕಿದ್ದೆ. ಕರಡು ಓದಿ ಹೇಳುವಾಗ ಐದನೇ ಕ್ಲಾಸಿನ ಹುಡುಗನೊಬ್ಬನ ತಾಯಿ ನಡುವೆಯೇ ತಡೆದರು. “ನಮ್ಮುಡುಗ ಪ್ರತಿಭೆ ಅಲ್ಲ ಮೇಡಂ. ಅವನಿಗೆ ಒಂದು ಪ್ರೈಜೂ ಬಂದಿಲ್ಲ.”

ಆ ಹುಡುಗನನ್ನು ನೋಡಿದ್ದೆ. ಜಗಲಿಯ ಮೇಲೆ ಹುಣಸೆ ಬೀಜ ಜೋಡಿಸುತ್ತಿದ್ದ. ಮೊದಲು ಒಂದು ಬೀಜ. ಅದಕ್ಕೆ ಮೂಲೆ ಕಟ್ಟಿದ ಹಾಗೆ ಮೂರು. ಅದರಾಚೆ ಐದು, ಆಮೇಲೆ ಏಳು. ಪ್ರತಿ ಸಲವೂ ಚೌಕವೇ ಆಗುತ್ತೆ ನೋಡಿ ಅಂದ. 1, 4, 9, 16. ಬೆಸ ಸಂಖ್ಯೆಗಳನ್ನು ಕೂಡಿಸುತ್ತಾ ಹೋದರೆ ವರ್ಗ ಸಂಖ್ಯೆ ಬರುತ್ತದೆ ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎರಡು ದಿನ ಅದರಲ್ಲೇ ಮುಳುಗಿ ಕಾಪಿ ಬರೆಯದೆ ಬೈಸಿಕೊಂಡಿದ್ದ. ಮನೆಯಲ್ಲಿ ಅವನಿಗೆ ಬಿದ್ದಿರುವ ಹೆಸರು ‘ಅಧಿಕಪ್ರಸಂಗಿ’.

ತಾಯಿಯ ಮಾತು ತಪ್ಪು ಅನ್ನಲು ನನ್ನಿಂದಾಗಲಿಲ್ಲ. ಹೊಸ ಹೊಸದನ್ನು ಕಾಣುವ ಬುದ್ಧಿಯೇ ಪ್ರತಿಭೆ ಅಂತ ಹಳೆಯ ಸಂಸ್ಕೃತ ಕಾವ್ಯಮೀಮಾಂಸಕ ಭಟ್ಟತೌತ ಹೇಳಿದ್ದು ಈ ಹುಡುಗನಿಗೆ ಸರಿಯಾಗಿ ಒಪ್ಪುತ್ತದೆ. ಆದರೆ ಈಗಿನ ಬಳಕೆಯೇ ಬೇರೆ. ‘ಪ್ರತಿಭಾ ಪುರಸ್ಕಾರ’ ಅಂದರೆ ಎಸ್ಸೆಸ್ಸೆಲ್ಸಿಯಲ್ಲಿ ಜಾಸ್ತಿ ಅಂಕ ತೆಗೆದವರಿಗೆ ಶಾಲು, ಹಾರ. ‘ಪ್ರತಿಭಾ ಕಾರಂಜಿ’ ಅಂದರೆ ಛದ್ಮವೇಷ, ಕಂಠಪಾಠ, ಜನಪದ ಗೀತೆ. ಎರಡೂ ಬೇಕು. ಆದರೆ ವೇದಿಕೆ ಹತ್ತದ ಮಗುವಿಗೆ ಆ ಪದದಲ್ಲಿ ಜಾಗ ಉಳಿದಿಲ್ಲ.

ಮರಾಠಿಯಲ್ಲಿ ರಾಷ್ಟ್ರೀಯ ಪ್ರತಿಭಾನ್ವೇಷಣೆ ಪರೀಕ್ಷೆಗೆ ‘ಪ್ರಜ್ಞಾಶೋಧ’ ಅಂತಿದ್ದರು. ನಮ್ಮಲ್ಲಿ ಪ್ರಜ್ಞೆ ಅಂದರೆ ಎಚ್ಚರ, ತಪ್ಪಿದರೆ ನೀರು ಚಿಮುಕಿಸುತ್ತೇವೆ. ‘ವಿಶೇಷ ಮಕ್ಕಳು’ ಅನ್ನುವಂತಿಲ್ಲ, ಅಂಗವೈಕಲ್ಯ ಇರುವ ಮಕ್ಕಳಿಗೆ ಆ ಮಾತು ಆಗಲೇ ನೆಲೆಯಾಗಿದೆ. ‘ನಿಧಾನ ಕಲಿಕೆ’ಗೆ ಎದುರಾಗಿ ‘ವೇಗದ ಕಲಿಕೆಯ ಮಕ್ಕಳು’ ಅನ್ನೋಣ ಅಂತ ಒಬ್ಬ ಮೇಷ್ಟ್ರು ಹೇಳಿದರು. ಆದರೆ ಒಂದೇ ವಿಷಯಕ್ಕೆ ಎರಡು ದಿನ ಅಂಟಿಕೊಂಡು ಕೂತ ಹುಡುಗ ವೇಗದವನು ಹೇಗಾಗುತ್ತಾನೆ?

ಮಾತಿನಲ್ಲಿರುವ ಪದಗಳು ನನಗೆ ಹೆಚ್ಚು ಇಷ್ಟ. ಚೂಟಿ, ಚುರುಕು, ಜಾಣ. ಧಾರವಾಡದ ಕಡೆ ‘ಭಾಳ ಶಾಣ್ಯಾ ಅದಾನ’ ಅಂತಾರೆ. ‘ಹುಷಾರು’ ಕೂಡ ಇದೆ, ಆದರೆ ನಮ್ಮ ಮೈಸೂರು ಸೀಮೆಯಲ್ಲಿ ಅದು ಜ್ವರ ಬಿಟ್ಟವರಿಗೆ ಹೇಳುವ ಮಾತು. ಇವೆಲ್ಲ ಬಾಯಲ್ಲಿ ಚೆಂದ, ಆದರೆ ಯಾವ ಮಗುವಿಗೂ ಹೊಗಳಿಕೆಯಾಗಿ ಸಲ್ಲುತ್ತವೆ.

ಸದ್ಯಕ್ಕೆ ‘ಪಾಠಕ್ಕಿಂತ ಮುಂದಿರುವ ಮಗು’ ಅಂತ ಬರೆದುಕೊಂಡಿದ್ದೇನೆ. ಮಗು ದೊಡ್ಡದು ಅನ್ನದೆ ಪಾಠ ಅದಕ್ಕೆ ಸಾಲುತ್ತಿಲ್ಲ ಅನ್ನುತ್ತದೆ, ಅದು ನನಗೆ ಹಿಡಿಸಿತು. ಆದರೆ ತಲೆಬರಹಕ್ಕೆ ಉದ್ದವಾಯಿತು. ‘ಮುಂಗಲಿಕೆಯ ಮಕ್ಕಳು’ ಅಂತ ಕಟ್ಟಿದರೆ ಶಾಲೆಗೆ ಸೇರುವ ಮುಂಚಿನ ಕಲಿಕೆ ಅನ್ನಿಸುತ್ತದೆಯೇ?

ಉಳಿದ ಪದಗಳಿಗೆ ತೊಂದರೆ ಇಲ್ಲ. ತರಗತಿ ಹಾರಿಸುವುದಕ್ಕೆ ಎಲ್ಲರೂ ಬಲ್ಲ ‘ಡಬಲ್ ಪ್ರಮೋಷನ್’ ಇದೆ. ಐದನೇ ಕ್ಲಾಸಿನಲ್ಲಿ ಬರೆಯುವ ನವೋದಯ ಪರೀಕ್ಷೆ, ಎಂಟನೇ ಕ್ಲಾಸಿನಲ್ಲಿ ಬರೆದು ಆಯ್ಕೆಯಾದರೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುವ ಎನ್‌ಎಂಎಂಎಸ್, ಇವುಗಳ ಹೆಸರು ಹಳ್ಳಿಯಲ್ಲೂ ಹಾಗೇ ನಡೆಯುತ್ತದೆ. ‘ಎನ್ರಿಚ್‌ಮೆಂಟ್’ಗೆ ‘ಸಮೃದ್ಧೀಕರಣ’ ಬಿಟ್ಟು ‘ಹೆಚ್ಚಿನ ಓದು’ ಅಂತ ಹಾಕಿದ್ದೇನೆ.

ನಿಮ್ಮ ಊರಿನಲ್ಲಿ ಇಂಥ ಮಗುವಿಗೆ ಬೈಗುಳವೂ ಅಲ್ಲದ, ಬಹುಮಾನವೂ ಅಲ್ಲದ ಮಾತು ಇದೆಯೇ? ಅಜ್ಜಿ, ದೊಡ್ಡಮ್ಮಂದಿರನ್ನು ಕೇಳಿ ನೋಡಿ. ಬರುವ ಪದಗಳನ್ನು ಮೊದಲು ಆ ತಾಯಿಗೆ ಓದಿ ಹೇಳಿ, ಆಮೇಲೆ ಅಚ್ಚಿಗೆ ಕೊಡುತ್ತೇನೆ.