ವಾಡೆಯ ಹುಡೇವು ಕುಸಿಯುತ್ತಿದೆ: ಕೆಡವಿಸುವ ಅರ್ಜಿಗೆ ಸಹಿ ಬೇಕು

ಮನೆ 27, ಮೂರನೇ ಅಡ್ಡರಸ್ತೆ
ನಿನ್ನೆ ರಾತ್ರಿಯ ಮಳೆಗೆ ಹಳೆಯ ದೇಸಾಯಿ ವಾಡೆಯ (ಕೋಟೆಯಂಥ ಮನೆಯ) ನೈರುತ್ಯ ಮೂಲೆಯ ಹುಡೇವಿನಿಂದ, ಅಂದರೆ ದುಂಡು ಬುರುಜಿನಿಂದ, ಒಂದು ಚಕ್ಕಡಿ ತುಂಬುವಷ್ಟು ಮಣ್ಣು ನಮ್ಮ ಹಿತ್ತಿಲಿಗೆ ಬಂದು ಬಿದ್ದಿದೆ. ಸಂಜೆ ಮಕ್ಕಳು ಆಡುತ್ತಿದ್ದ ಜಾಗವದು. ಇನ್ನು ಕಾಯಲು ನನ್ನಿಂದ ಆಗುವುದಿಲ್ಲ. ಪೂರ್ತಿ ವಾಡೆಯನ್ನು ಕೆಡವಿಸಬೇಕೆಂದು ಅರ್ಜಿ ಬರೆದಿದ್ದೇನೆ. ಸೋಮವಾರ ಕೊಡುತ್ತೇನೆ, ಎಲ್ಲರೂ ಸಹಿ ಮಾಡಿ.

ಮನೆ 9, ಒಂದನೇ ಅಡ್ಡರಸ್ತೆ
ನನ್ನ ಸಹಿ ಇದೆ. ಒಳಗೆ ಮುಳ್ಳುಕಂಟಿ ಬೆಳೆದು ಹಾವುಗಳೂ ಸೇರಿಕೊಂಡಿವೆ.

ಮನೆ 41, ಮುಖ್ಯರಸ್ತೆ
ಮಕ್ಕಳಿಗೆ ಏನೂ ಆಗಲಿಲ್ಲವೆಂಬುದು ಮೊದಲ ಸಮಾಧಾನ. ಆ ಹಿತ್ತಿಲಿಗೆ ಈಗ ಯಾರೂ ಹೋಗಬೇಡಿ. ಆದರೆ ಸಹಿಗೆ ಮೊದಲು ನನ್ನ ಮಾತು ಕೇಳಿ. ಮೂವತ್ತು ವರ್ಷ ಕಟ್ಟಡಗಳ ಕೆಲಸವನ್ನೇ ಮಾಡಿದವನು ನಾನು. ಬೆಳಿಗ್ಗೆ ಹೋಗಿ ಎರಡು ಗಂಟೆ ನೋಡಿ ಬಂದೆ.

ಅಪಾಯವಿರುವುದು ಒಂದೇ ಹುಡೇವಿನಲ್ಲಿ. ಉಳಿದ ಮೂರು ಗಟ್ಟಿಯಾಗಿವೆ. ಗೋಡೆ ಬುಡದಲ್ಲಿ ಆರು ಅಡಿ ದಪ್ಪ, ಮೇಲೆ ಹೋದಂತೆ ಸಣ್ಣದಾಗುತ್ತದೆ. ಆಳೆತ್ತರದವರೆಗೆ ಕಲ್ಲು, ಅದರ ಮೇಲೆ ಹುಲ್ಲು ಕಲಸಿ ತುಳಿದ ಮಣ್ಣು. ಹುಡೇವನ್ನು ದುಂಡಗೆ ಕಟ್ಟಿದ್ದು ಅಂದಕ್ಕಲ್ಲ. ಚೌಕದ ಮೂಲೆಯನ್ನು ಕೆಡವುವುದು ಸುಲಭ, ದುಂಡಗಿನದಕ್ಕೆ ಮೂಲೆಯೇ ಇಲ್ಲ. ಅದು ಗೋಡೆಯಿಂದ ಹೊರಗೆ ಚಾಚಿರುವುದರಿಂದ ಗೋಡೆಯ ಬುಡಕ್ಕೆ ಬಂದು ನಿಂತವನ ಮೇಲೆ ಪಕ್ಕದಿಂದ ಗುರಿ ಇಡಬಹುದಿತ್ತು. ಕೋವಿಕಂಡಿಗಳನ್ನು ಒಳಗಿನಿಂದ ನೋಡಿ: ಒಳಗೆ ಅಗಲ, ಹೊರಗೆ ಕಿರಿದು, ಕೆಳಮುಖ ಇಳಿಜಾರು. ಒಳಗಿದ್ದವನು ಕೋವಿಯನ್ನು ಬೇಕಾದ ಕಡೆ ತಿರುಗಿಸಬಹುದು, ಹೊರಗಿನವನಿಗೆ ಕಾಣುವುದು ಒಂದು ಸೀಳು ಮಾತ್ರ.

ದೊಡ್ಡ ಬಾಗಿಲಿನಲ್ಲಿ ದಿಡ್ಡಿ ಎಂಬ ಚಿಕ್ಕ ಬಾಗಿಲು ಇದೆಯಲ್ಲ, ಅದರೊಳಗೆ ತಲೆ ಬಗ್ಗಿಸಿ ಒಬ್ಬೊಬ್ಬರಾಗಿಯೇ ಹೋಗಬೇಕು. ದಾಟಿದರೆ ನೇರವಾಗಿ ಅಂಗಳ ಸಿಗುವುದಿಲ್ಲ, ಬಾಗಿಲ ಒಳಗಿನ ದೇವಡಿಯಲ್ಲಿ (ಪಡಸಾಲೆಯಲ್ಲಿ) ಒಂದು ತಿರುವು. ಅಗುಳಿ ಸರಿಯುವ ಗೂಡು ಗೋಡೆಯೊಳಗೆ ಈಗಲೂ ಹಾಗೆಯೇ ಇದೆ, ಕೈ ಹಾಕಿದರೆ ಮೊಣಕೈವರೆಗೂ ಹೋಗುತ್ತದೆ. ಒಳಗೆ ದನಗಳ ಗೋದಲಿ, ಬಾವಿ, ಜೋಳ ತುಂಬುವ ಎರಡು ಹಗೇವು (ನೆಲದೊಳಗಿನ ಕಣಜ). ಬಾಗಿಲು ಹಾಕಿಕೊಂಡು ವಾರಗಟ್ಟಲೆ ಬದುಕಬಹುದಾದ ಒಕ್ಕಲು ಮನೆ ಇದು. ಒಂದು ಎಚ್ಚರಿಕೆ: ಹಗೇವಿನ ಬಾಯಿಗೆ ಇವತ್ತೇ ಹಲಗೆ ಮುಚ್ಚಬೇಕು, ಯಾರೂ ಇಳಿಯಬಾರದು. ಮುಚ್ಚಿದ ಹಗೇವಿನಲ್ಲಿ ಉಸಿರುಗಟ್ಟಿಸುವ ಗಾಳಿ ತುಂಬಿರುತ್ತದೆ.

ಮನೆ 12, ಒಂದನೇ ಅಡ್ಡರಸ್ತೆ
ಕೆಡವುವುದು ಬೇಡವೆಂದರೆ ಹುಡೇವಿಗೆ ದಪ್ಪಗೆ ಸಿಮೆಂಟ್ ಗಿಲಾವು ಮಾಡಿಸೋಣ. ಹತ್ತು ಚೀಲ ನಾನು ಕೊಡುತ್ತೇನೆ.

ಮನೆ 41, ಮುಖ್ಯರಸ್ತೆ
ನಿಮ್ಮ ಮನಸ್ಸು ದೊಡ್ಡದು, ಆದರೆ ಸಿಮೆಂಟ್ ಬೇಡವೇ ಬೇಡ. ಮಣ್ಣಿನ ಗೋಡೆ ಕುಡಿದ ನೀರನ್ನು ಬಿಸಿಲಿಗೆ ಬಿಟ್ಟುಕೊಡಬೇಕು. ಸಿಮೆಂಟ್ ಆ ದಾರಿಯನ್ನು ಮುಚ್ಚುತ್ತದೆ. ತೇವ ಒಳಗೇ ಉಳಿದು ಮಣ್ಣು ಮೆತ್ತಗಾಗುತ್ತದೆ, ಹೊರಗಿನಿಂದ ನೋಡಿದರೆ ಗಟ್ಟಿಯಾಗಿಯೇ ಕಾಣುತ್ತದೆ. ಒಂದು ದಿನ ಗಿಲಾವಿನ ಹಪ್ಪಳಿಕೆಯ ಜೊತೆಗೆ ಗೋಡೆಯೂ ಬರುತ್ತದೆ. ಈ ಕಡೆಯ ಹಿರಿಯರು ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಕರಲು (ಸವುಳು) ಮಣ್ಣು ಹರಡುತ್ತಿದ್ದರು. ಆ ಮಣ್ಣು ನೆನೆದೊಡನೆ ಬಿರುಕುಗಳಿಗೆ ಇಳಿದು ಮುಚ್ಚಿಕೊಳ್ಳುತ್ತದೆ. ಹುಡೇವಿನ ತಲೆಗೂ ಅದೇ ಸಾಕು.

ಮನೆ 33, ಎರಡನೇ ಅಡ್ಡರಸ್ತೆ
ಇತಿಹಾಸ ಪಾಠ ಮಾಡುವವಳಾಗಿ ನಾಲ್ಕು ಮಾತು. ದೇಸಾಯಿಗಳು ಪರಗಣದ, ಅಂದರೆ ಹಲವು ಹಳ್ಳಿಗಳು ಸೇರಿದ ವಿಭಾಗದ, ಕಂದಾಯ ವಸೂಲಿಯ ವಂಶಪಾರಂಪರ್ಯ ಹಕ್ಕು ಪಡೆದವರು. ವಸೂಲಾದ ಧಾನ್ಯ, ಹಣ ಎರಡೂ ಮನೆಯಲ್ಲೇ ಇರುತ್ತಿದ್ದುದರಿಂದ ಮನೆಯೇ ಕೋಟೆಯಾಯಿತು. ಲೂಟಿಕೋರ ಪಿಂಡಾರಿಗಳ ಕುದುರೆ ದಂಡು ಬಂದಾಗ ಹಳ್ಳಿಗರಿಗೂ ಆಶ್ರಯ ಇಂಥ ಗೋಡೆಗಳೇ. 1818ರಲ್ಲಿ ಪೇಶ್ವೆಯ ಆಡಳಿತ ಮುಗಿದು ಈ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು, ಪಿಂಡಾರಿಗಳ ಕಾಟವೂ ಅಡಗಿತು. 1857ರಲ್ಲಿ ಆಯುಧ ಕಸಿಯುವ ಕಾಯ್ದೆ ಬಂತು. ಅದಕ್ಕೆ ತಲೆಬಾಗದ ಹಲಗಲಿಯ ಬೇಡರ ಕಥೆ ನಮಗೆಲ್ಲ ಗೊತ್ತಿದೆ. ಆಮೇಲೆ ಈ ಕೋವಿಕಂಡಿಗಳಿಗೆ ಪಾರಿವಾಳಗಳೇ ಒಡೆಯರು. ಸ್ವಾತಂತ್ರ್ಯದ ನಂತರ ಮುಂಬೈ ರಾಜ್ಯದ 1950ರ ಕಾನೂನಿನಿಂದ ಪರಗಣದ ವತನಗಳೂ (ವಂಶಪಾರಂಪರ್ಯ ಹಕ್ಕುಗಳೂ) ಹೋದವು.

ಅದು ಒಬ್ಬ ದೊಡ್ಡವರ ಮನೆ, ನಮಗೇನು ಎಂದು ಕೆಲವರು ಕೇಳುತ್ತಾರೆ. ಮಣ್ಣು ತುಳಿದವರು, ಕಲ್ಲು ಹೊತ್ತವರು ಈ ಊರಿನವರೇ. ನನಗೆ ಆ ಗೋಡೆಯಲ್ಲಿ ಕಾಣುವುದು ಅವರ ಕೈ.

ಬೆಳಗಾವಿ ಜಿಲ್ಲೆಯ ಸಿರಸಂಗಿಯ ದೇಸಾಯಿ ವಾಡೆಗೆ ಒಮ್ಮೆ ಹೋಗಿ ಬನ್ನಿ. 1906ರಲ್ಲಿ ತೀರಿಕೊಂಡ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯೆಗೆ ಬರೆದಿಟ್ಟರು. ಆ ಹೆಸರನ್ನು ಜನ ಇಂದಿಗೂ ಗೌರವದಿಂದ ಹೇಳುತ್ತಾರೆ.

ಮನೆ 27, ಮೂರನೇ ಅಡ್ಡರಸ್ತೆ
ಎಲ್ಲವೂ ಸರಿ. ಆದರೆ ಇವತ್ತು ರಾತ್ರಿ ಮತ್ತೆ ಮಳೆ ಬಂದರೆ? ಇಷ್ಟು ವರ್ಷ ನಿಂತದ್ದು ಈಗಲೇ ಯಾಕೆ ಬೀಳುತ್ತಿದೆ, ಅದನ್ನು ಯಾರಾದರೂ ಹೇಳಿ.

ಮನೆ 18, ಮೂರನೇ ಅಡ್ಡರಸ್ತೆ
ಈಗ ಹೋಗಿ ನೋಡಿ ಬಂದೆ. ಕಾರಣ ನಾವೇ. ನಮ್ಮ ಅಡ್ಡರಸ್ತೆಯ ಮಳೆನೀರಿನ ಚರಂಡಿ ಆ ಹುಡೇವಿನ ಬುಡದಲ್ಲಿ ಕೊನೆಯಾಗುತ್ತದೆ. ಬಡಾವಣೆ ಮಾಡಿದವರು ಅದನ್ನು ಹಳ್ಳದವರೆಗೆ ಒಯ್ಯಲೇ ಇಲ್ಲ. ಪ್ರತಿ ಮಳೆಗೂ ನಮ್ಮ ಮನೆಗಳ ನೀರು ಅಲ್ಲಿ ಮಡುಗಟ್ಟುತ್ತದೆ. ಅದು ಸಾಲದೆಂದು ಹೊಲಕ್ಕೆ ಗೊಬ್ಬರವಾಗಿ ಹಾಳುಮಣ್ಣು (ಹಳೆಯ ಗೋಡೆಯ ಮಣ್ಣು) ಬೇಕೆಂದು ಯಾರೋ ಬುಡವನ್ನೇ ಅಗೆದು ಟ್ರ್ಯಾಕ್ಟರಿನಲ್ಲಿ ಒಯ್ದಿದ್ದಾರೆ. ಅಡಿಪಾಯದ ಕಲ್ಲುಗಳು ಹೊರಗೆ ಬಂದಿವೆ. ವಾಡೆಯನ್ನು ಕೆಡವಿದರೂ ಆ ನೀರು ನಿಲ್ಲುವುದಿಲ್ಲ, ಮುಂದೆ ನುಗ್ಗುವುದು 27ನೇ ಮನೆಯ ಅಡಿಪಾಯಕ್ಕೆ.

ಮನೆ 41, ಮುಖ್ಯರಸ್ತೆ
ಇದೇ ಮೂಲ. ಹುಡೇವಿನಿಂದ ಚರಂಡಿಯನ್ನು ಮೂವತ್ತು ಅಡಿ ಆಚೆಗೆ ತಿರುಗಿಸಿದರೆ ಹಳ್ಳದ ಇಳಿಜಾರು ಸಿಗುತ್ತದೆ. ಭಾನುವಾರ ಹತ್ತು ಜನ ಸೇರಿದರೆ ಕಚ್ಚಾ ಕಾಲುವೆ ಮುಗಿಯುತ್ತದೆ. ಇವತ್ತು ಸಂಜೆಯೇ ಹುಡೇವಿನ ತಲೆಗೆ ತಾಡಪಾಲು, ಸುತ್ತ ಬೇಲಿ. ಉಬ್ಬಿರುವ ಭಾಗವನ್ನು ಮಾತ್ರ ಬಲ್ಲವರ ಮುಂದೆ ಬಿಚ್ಚಿ, ಅದೇ ಕಲ್ಲಿನಿಂದ ಮತ್ತೆ ಕಟ್ಟಬೇಕು. ಆದರೆ ಜಾಗ ನಮ್ಮದಲ್ಲ, ಮನೆತನದವರ ಒಪ್ಪಿಗೆಯಿಲ್ಲದೆ ಒಂದು ಗುದ್ದಲಿಯೂ ಬೀಳಬಾರದು.

ಮನೆ 5, ಮುಖ್ಯರಸ್ತೆ
ಮನೆತನದ ಹಿರಿಯರ ಜೊತೆ ಮಾತನಾಡಿದೆ. ಬೇಲಿ, ತಾಡಪಾಲು, ಕಾಲುವೆಗೆ ಒಪ್ಪಿದ್ದಾರೆ, ಪತ್ರವನ್ನೂ ಕಳುಹಿಸುತ್ತಾರಂತೆ. ಅರ್ಧ ಖರ್ಚು ತಾವೇ ಕೊಡುತ್ತೇವೆಂದರು. ನಾವು ಕೇಳುವವರೆಗೂ ಈ ಊರಿನಲ್ಲಿ ಯಾರಿಗೂ ವಾಡೆ ಬೇಕಿಲ್ಲವೆಂದೇ ಅವರು ತಿಳಿದಿದ್ದರು.

ಮನೆ 33, ಎರಡನೇ ಅಡ್ಡರಸ್ತೆ
ಅಳತೆ ಮತ್ತು ಫೋಟೊಗಳ ಕೆಲಸ ನನ್ನದು. ಕರ್ನಾಟಕದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ರಕ್ಷಣೆ ಕೋರಿ ಮೈಸೂರಿನ ಪುರಾತತ್ವ ಇಲಾಖೆಗೆ ಮನವಿ ಬರೆಯುತ್ತೇನೆ. ಮನೆತನದವರ ಸಹಿ ಮೊದಲು, ನಮ್ಮದು ಆಮೇಲೆ.

ಮನೆ 27, ಮೂರನೇ ಅಡ್ಡರಸ್ತೆ
ಸೋಮವಾರದ ಅರ್ಜಿಯನ್ನು ಬದಲಿಸಿದ್ದೇನೆ: ಚರಂಡಿಯನ್ನು ಹಳ್ಳದವರೆಗೆ ಪಕ್ಕಾ ಕಟ್ಟಿಸಬೇಕು, ಮಣ್ಣು ಅಗೆಯುವುದನ್ನು ತಡೆಯಬೇಕು. ಹುಡೇವು ಭದ್ರವಾಗುವವರೆಗೆ ಮಕ್ಕಳ ಕೋಣೆಯನ್ನು ಮುಂಭಾಗಕ್ಕೆ ಬದಲಿಸುತ್ತೇವೆ. ನನ್ನಲ್ಲಿ ಎರಡು ಗುದ್ದಲಿ, ಒಂದು ಹಾರೆ ಇವೆ. ಭಾನುವಾರ ಬೆಳಿಗ್ಗೆ 7 ಗಂಟೆಗೆ ನಮ್ಮ ಹಿತ್ತಿಲ ಬಾಗಿಲು ತೆರೆದಿರುತ್ತದೆ. ತಾಡಪಾಲು ಯಾರ ಬಳಿ ಇದೆ?

ಮನೆ 9, ಒಂದನೇ ಅಡ್ಡರಸ್ತೆ
ನನ್ನ ಬಳಿ ಇದೆ, ಇಪ್ಪತ್ತು ಅಡಿಯದು. ಈಗಲೇ ತರುತ್ತೇನೆ.