ಕಂಕುಳ ಗ್ರಂಥಿ ತೆಗೆದ ಮೇಲೆ ಕೈ ಊತ: ಅತ್ತೆ ಹೊಲಿಗೆ ಶುರು ಮಾಡಬಹುದಾ?

ಸಾಗರದ ಸೊಸೆ:
ಅತ್ತೆಯವರಿಗೆ 61. ಸ್ತನ ಕ್ಯಾನ್ಸರ್‌ಗೆ ಎಡ ಸ್ತನದ ಜೊತೆ ಕಂಕುಳ ಗ್ರಂಥಿಗಳನ್ನೂ ತೆಗೆದಿದ್ದಾರೆ. ರೇಡಿಯೇಷನ್ ಮುಗಿದು, ಈಸ್ಟ್ರೋಜನ್ ಹಾರ್ಮೋನ್ ತಗ್ಗಿಸುವ ಲೆಟ್ರೊಜೋಲ್ ಮಾತ್ರೆ ನಡೀತಿದೆ. ಸಂಜೆಯಾದರೆ ಎಡಗೈ ಭಾರ, ಬಳೆ ಬಿಗಿ. ಅಡುಗೆಮನೆ ನನ್ನ ಕೈಗೆ ಬಂದಿದೆ. ಸುಮ್ಮನೆ ಕೂರುವುದೇ ಅವರಿಗೆ ಸಂಕಟ. ರವಿಕೆ ಹೊಲಿದುಕೊಡ್ತೀನಿ ಅಂತಾರೆ. ಹೂಂ ಅನ್ನಲಾ?

ಫಿಸಿಯೋ, ಧಾರವಾಡ:
ಮೊದಲು ಸರ್ಜನ್‌ಗೆ ತೋರಿಸಿ. ರಕ್ತ ಹೆಪ್ಪುಗಟ್ಟಿದರೂ, ಗಡ್ಡೆ ಮರುಕಳಿಸಿದರೂ ಕೈ ಊದುತ್ತದೆ. ಅದೆರಡೂ ಅಲ್ಲವೆಂದಾದರೆ ಬಹುಶಃ ಲಿಂಫೆಡೀಮಾ, ಅಂದರೆ ಗ್ರಂಥಿ ತೆಗೆದದ್ದರಿಂದ ಪ್ರೋಟೀನ್ ತುಂಬಿದ ದುಗ್ಧರಸದ ನೀರು ಹರಿದುಹೋಗದೆ ಕೈಯಲ್ಲಿ ನಿಲ್ಲುವ ಊತ. ಮಣಿಕಟ್ಟಿನಿಂದ ಮೇಲೆ ಪ್ರತಿ 10 ಸೆಂ.ಮೀ.ಗೆ ಎರಡೂ ಕೈಗಳ ಸುತ್ತಳತೆ ಬರೆದಿಡಿ, ವಾರಕ್ಕೊಮ್ಮೆ, ಒಂದೇ ಹೊತ್ತಿಗೆ. 2 ಸೆಂ.ಮೀ. ವ್ಯತ್ಯಾಸ ಬರಲಿ ಎಂದು ಕಾಯಬೇಡಿ, ಭಾರ ಅನ್ನಿಸಿದ್ದೇ ಸೂಚನೆ.

ಊತ ತಗ್ಗಿಸಲು ತೋಳಿಗೆ ಹಾಕುವ ಬಿಗಿ ಎಲಾಸ್ಟಿಕ್ ತೋಳುಚೀಲವನ್ನು (ಕಂಪ್ರೆಷನ್ ಸ್ಲೀವ್) ಅಂದಾಜಿನ ಮೇಲೆ ತರಬೇಡಿ. ಮೇಲಂಚು ಬಿಗಿಯಾದರೆ ದಾರ ಕಟ್ಟಿದ ಹಾಗೆ ನೀರು ಕೆಳಗೇ ನಿಂತು ಅಂಗೈ ಊದುತ್ತದೆ. ಅಳತೆ ಕೊಟ್ಟು ತರಿಸಿ. ಸಾಮಾನ್ಯವಾಗಿ ಹಗಲು ಹಾಕಿ ರಾತ್ರಿ ತೆಗೆಯುವುದು. ಸುಮಾರು ಆರು ತಿಂಗಳಿಗೆ ಹಿಡಿತ ಸಡಿಲವಾಗುತ್ತದೆ, ಆಗ ಹೊಸದು ಬೇಕು. ಮೂತ್ರ ಹೆಚ್ಚಿಸುವ ಮಾತ್ರೆ ಇದಕ್ಕೆ ಮದ್ದಲ್ಲ: ನೀರು ಹೋದರೂ ಪ್ರೋಟೀನ್ ಉಳಿದು ಊತ ಮರಳುತ್ತದೆ.

ಹೊಲಿಗೆ ಕಲಿಸುವವರು, ಮೈಸೂರು:
ಖಂಡಿತ ಹೊಲಿಯಲಿ. ಮಷಿನ್‌ಗೆ ಮೋಟಾರ್ ಹಾಕಿಸಿ. ಕೂತಾಗ ಮೊಣಕೈ ಮಟ್ಟಕ್ಕೆ ಮೇಜು ಇರಲಿ. ಎತ್ತರವಾದರೆ ಭುಜ ಏರಿಸಿಕೊಂಡೇ ಹೊಲಿದು ಕೈ ಬೇಗ ಸೋಲುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು, ಕೈಯನ್ನು ತಲೆಗಿಂತ ಮೇಲೆತ್ತಿ ಹತ್ತು ಸಲ ಮುಷ್ಟಿ ಬಿಗಿದು ಬಿಡಲಿ. ಇಸ್ತ್ರಿ ಪೆಟ್ಟಿಗೆ ಬಲಗೈಯಲ್ಲಿ. ಹುಕ್ಸು, ಕಾಜಾ ಮಾಡುವಾಗ ಸೂಜಿ ಚುಚ್ಚುವುದು ಎಡ ಬೆರಳಿಗೇ, ಲೋಹದ ಬೆರಳುಟೋಪಿ ತಪ್ಪಿಸಬೇಡಿ.

ನರ್ಸ್, ಮಂಗಳೂರು:
ಚುಚ್ಚಿದರೆ ಸೋಪುನೀರಲ್ಲಿ ತೊಳೆದು ಆಂಟಿಸೆಪ್ಟಿಕ್ ಹಚ್ಚಿ. ಕೈ ಕೆಂಪಾಗಿ ಬಿಸಿಯಾದರೆ, ಚಳಿಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ. ಆಂಟಿಬಯೋಟಿಕ್ ತಡವಾದಷ್ಟೂ ಊತ ಹೆಚ್ಚುತ್ತದೆ. ಬಿಪಿ, ಇಂಜೆಕ್ಷನ್ ಬಲಗೈಗೆ ಎಂದು ಅವರೇ ಹೇಳುವಂತಾಗಲಿ.

ಅಡುಗೆಮನೆಯಿಂದ ಪೂರ್ತಿ ಬಿಡಿಸಬೇಡಿ. ಭಾರ ಎತ್ತಲೇಬಾರದು ಎಂಬುದು ಹಳೆಯ ಮಾತು. 2009ರಲ್ಲಿ ಅಮೆರಿಕದ ಅಧ್ಯಯನವೊಂದು, ಮೇಲ್ವಿಚಾರಣೆಯಲ್ಲಿ ನಿಧಾನವಾಗಿ ಭಾರ ಏರಿಸಿದ ವ್ಯಾಯಾಮದಿಂದ ಊತ ಹೆಚ್ಚಲಿಲ್ಲ ಎಂದು ತೋರಿಸಿತು. ಒಮ್ಮೆಲೇ ಗ್ರೈಂಡರ್ ಕಲ್ಲು ಎತ್ತುವುದು ಬೇಡ. ಒಗ್ಗರಣೆ, ಚಪಾತಿ ಲಟ್ಟಿಸುವುದು ಧಾರಾಳವಾಗಿ ಮಾಡಲಿ.

ಲೆಟ್ರೊಜೋಲ್‌ನಿಂದ ಮೂಳೆ ಸವೆಯುತ್ತದೆ, ಬೆಳಗ್ಗೆ ಬೆರಳಿನ ಗಂಟುಗಳು ಬಿಗಿಯಾಗಬಹುದು. ಹಾಗೆಂದು ಮಾತ್ರೆ ನಿಲ್ಲಿಸಬಾರದು. ಡೆಕ್ಸಾ ಸ್ಕ್ಯಾನ್ (ಮೂಳೆ ಸಾಂದ್ರತೆ ಅಳೆಯುವುದು), ವಿಟಮಿನ್ ಡಿ ಪರೀಕ್ಷೆ ಆಗಿದೆಯೇ ಕೇಳಿ. ಬೆರಳು ಸಡಿಲವಾದ ಮೇಲೆ, ಹತ್ತು ಗಂಟೆಯ ನಂತರ ಮಷಿನ್ ಮುಂದೆ ಕೂರಲಿ.